ಓಡುವ ದೋಣಿಯಲ್ಲಿ ತಿದ್ದುಪಡಿ

ಕಾಗದದ ಮೇಲೆ ಬರೆದದ್ದೇ ಸತ್ಯ, ಉಳಿದದ್ದೆಲ್ಲ ವದಂತಿ ಎಂಬ ಸಿದ್ಧಾಂತವನ್ನು 34 ವರ್ಷಗಳ ಕಾಲ ನಿಷ್ಠೆಯಿಂದ ಪಾಲಿಸಿಕೊಂಡು ಬಂದವನು ನಾನು. ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಸೂಪರಿಂಟೆಂಡೆಂಟನಾಗಿ ನಿವೃತ್ತನಾದೆ. ನಮ್ಮ ಕಚೇರಿಯಲ್ಲಿ, ಕಡತದಲ್ಲಿ ಬದುಕಿರುವವನು ಸತ್ತಿದ್ದರೂ ಬದುಕಿರುವವನೇ; ಕಡತದಲ್ಲಿ ಸತ್ತವನು ಎದುರಿಗೆ ಬಂದು ಕೈಮುಗಿದು ನಿಂತರೂ, ಪ್ರಮಾಣಪತ್ರ ತರುವವರೆಗೆ ಅವನಿಗೆ ಪ್ರಾಣವಿಲ್ಲ. ಹೀಗೆ ಬಾಳಿದವನಿಗೆ, ಕಡತವನ್ನು ತಿದ್ದಿಬಿಟ್ಟರೆ ಲೋಕವೂ ಅದನ್ನು ನೋಡಿ ತನ್ನನ್ನು ತಿದ್ದಿಕೊಳ್ಳುತ್ತದೆ ಎಂಬ ನಂಬಿಕೆ ಬೆಳೆದಿದ್ದರೆ ಆಶ್ಚರ್ಯವೇನು?

ಆ ನಂಬಿಕೆ ನನ್ನ 72ನೆಯ ವಯಸ್ಸಿನಲ್ಲಿ, ಮೈಸೂರಿನಿಂದ ಅರ್ಧ ಭೂಮಂಡಲದಷ್ಟು ದೂರದಲ್ಲಿ, ಒಂದು ಸಣ್ಣ ಹಾಯಿದೋಣಿಯ ಮೇಲೆ ಮುರಿದುಬಿತ್ತು. ಅದು ಮುರಿದು ಬಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

2022ರ ನವೆಂಬರಿನಲ್ಲಿ ನನ್ನ ಸಹಧರ್ಮಿಣಿ ತೀರಿಕೊಂಡಳು. ಸರಸ್ವತೀಪುರದ ಮನೆಯಲ್ಲಿ ನಾನೊಬ್ಬನೇ ಉಳಿದೆ. ಮಾರನೆಯ ವರ್ಷದ ಏಪ್ರಿಲಿನಲ್ಲಿ ಮಗ ಬಂದು ನನ್ನನ್ನು ತನ್ನ ಊರಾದ ಸಿಯಾಟಲಿಗೆ ಕರೆದುಕೊಂಡು ಹೋದ. ಮಗ ಒಳ್ಳೆಯವನು, ಸೊಸೆ ಅವನಿಗಿಂತಲೂ ಒಳ್ಳೆಯವಳು, ಏಳು ವರ್ಷದ ಮೊಮ್ಮಗಳಂತೂ ‘ತಾತ, ತಾತ’ ಎಂದು ಬೆನ್ನಿಗೇ ಅಂಟಿಕೊಂಡಿರುತ್ತಿದ್ದಳು. ಆದರೂ ಅಲ್ಲಿ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು. ಕಾರಣವನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆ; ಏಕೆಂದರೆ ಅವರು ಮಾಡಿದ್ದೆಲ್ಲವೂ ನನ್ನ ಒಳ್ಳೆಯದಕ್ಕೇ.

ನಾನು ಹೋದ ಮೂರು ವಾರಗಳೊಳಗೆ ನನ್ನ ಬೆಳಗಿನ ಕಾಫಿ ಒಂದು ಲೋಟಕ್ಕೆ ಇಳಿಯಿತು. ಉಪ್ಪಿಟ್ಟಿನ ಬದಲು ಓಟ್ಸ್ ಗಂಜಿ ಬಂತು. ಮಲಗುವ ಹೊತ್ತು, ಏಳುವ ಹೊತ್ತು ಬದಲಾದವು. ಹಳೆಯ ಫೋನು ಹೋಗಿ ಹೊಸದು ಬಂತು. ಮಾತ್ರೆಗಳಿಗೆ ಏಳು ಮನೆಗಳ ಡಬ್ಬಿ ಬಂತು. ಇವೆಲ್ಲಕ್ಕೂ ಕಳಶವಿಟ್ಟಂತೆ, ಮೈಸೂರಿನ ಮನೆಯನ್ನು ಮಾರಿ ನಾನು ಅಲ್ಲಿಯೇ ನೆಲೆಸುವುದೆಂದು ತೀರ್ಮಾನವೂ ಆಯಿತು. ಕೊಳ್ಳುವವರು ಸಿಕ್ಕಿದ್ದರು. ಅಧಿಕಾರಪತ್ರಕ್ಕೆ ನನ್ನ ರುಜು ಬೀಳುವುದೊಂದೇ ಬಾಕಿ.

ನಾನು ಎದುರಾಡುವ ಜಾತಿಯವನಲ್ಲ, ಬರೆಯುವ ಜಾತಿಯವನು. ಒಂದು ರಾತ್ರಿ ಕುಳಿತು, ಕ್ರಮಸಂಖ್ಯೆ 1ರಿಂದ 11ರವರೆಗೆ ನನ್ನ ಆಕ್ಷೇಪಣೆಗಳನ್ನು ದುಂಡಗೆ ಬರೆದು, ಊಟದ ಮೇಜಿನ ಮೇಲೆ ಉಪ್ಪಿನ ಬಟ್ಟಲಿನ ಕೆಳಗೆ ಇಟ್ಟೆ. ಮಗ ಓದಿದ. “ನೋಡ್ತೀನಪ್ಪ” ಎಂದ. ವಾರ ಕಳೆದರೂ ಎಲ್ಲವೂ ಮೊದಲಿನಂತೆಯೇ ನಡೆದಿತ್ತು. ಎರಡನೆಯ ಪತ್ರ ಬರೆದೆ. ಮೂರನೆಯದನ್ನು ಈ-ಮೇಲಿನಲ್ಲಿ ಕಳಿಸಿದೆ. ಅವುಗಳ ಗತಿಯೂ ಅದೇ. ಮನೆ ತನ್ನ ಪಾಡಿಗೆ ತಾನು ಓಡುತ್ತಿತ್ತು. ನನ್ನ ಪತ್ರಗಳು ಅದರ ಚಕ್ರಕ್ಕೆ ಎಲ್ಲಿಯೂ ತಾಗಲಿಲ್ಲ.

ಇನ್ನು ದೋಣಿಯ ವಿಷಯ.

ಸಿಯಾಟಲ್ ನಗರ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಹಿನ್ನೀರಿನ ದಂಡೆಯಲ್ಲಿದೆ. ಪಡುವಣದಲ್ಲಿ ಒಲಿಂಪಿಕ್ ಪರ್ವತಗಳ ಸಾಲು. ಆಕಾಶ ತಿಳಿಯಾಗಿದ್ದರೆ ದಕ್ಷಿಣ ದಿಕ್ಕಿನಲ್ಲಿ ಹಿಮ ಹೊದ್ದ ರೇನಿಯರ್ ಶಿಖರ. ಅಲ್ಲಿನ ಶಿಲ್‌ಶೋಲ್ ಎಂಬ ದೋಣಿಗಳ ತಂಗುದಾಣದಲ್ಲಿ ನನ್ನ ಮಗ 27 ಅಡಿ ಉದ್ದದ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಕಟ್ಟಿಹಾಕಿದ್ದ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದದ್ದೇ ನೀರಿನೊಡನೆ ನನಗಿದ್ದ ಪರಿಚಯ. ಈ ವಂಶದಲ್ಲಿ ನಾವಿಕನೊಬ್ಬ ಹೇಗೆ ಹುಟ್ಟಿದನೋ ದೇವರೇ ಬಲ್ಲ.

ಹಾಯಿದೋಣಿಯಲ್ಲಿ ಒಬ್ಬರ ಕೈ ಸದಾ ಚುಕ್ಕಾಣಿಯ ಹಿಡಿಕೋಲಿನ ಮೇಲೆ ಇರಬೇಕು. ಗಾಳಿ ನಿಮಿಷಕ್ಕೊಂದು ಮನಸ್ಸು ಮಾಡುತ್ತದೆ. ಅಲೆ ಹಿಂದಿನಿಂದ ಬಂದು ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಕ್ಷಣಕಾಲ ಕೈಬಿಟ್ಟರೂ ದೋಣಿ ದಾರಿ ತಪ್ಪುತ್ತದೆ. ದೂರದ ಪ್ರಯಾಣ ಮಾಡುವವರಿಗೆ ಇದು ಪ್ರಾಣಸಂಕಟ. ಅದಕ್ಕೆಂದೇ ತಾನೇ ದಿಕ್ಕು ಹಿಡಿದು ನಡೆಸುವ ಯಂತ್ರಗಳು ಹುಟ್ಟಿಕೊಂಡವು. 1960ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಎಂಬ ಆಂಗ್ಲ ಮಹಾಶಯ ಒಬ್ಬನೇ ಅಟ್ಲಾಂಟಿಕ್ ಸಾಗರವನ್ನು ದಾಟಿ ಪಂದ್ಯ ಗೆದ್ದಾಗ, ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ಪಟವೊಂದನ್ನು ಕಟ್ಟಿಕೊಂಡು, ಅದಕ್ಕೆ ಮಿರಾಂಡ ಎಂದು ಹೆಸರಿಟ್ಟಿದ್ದನಂತೆ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿಯವರು, ನಾನು ಸಿಯಾಟಲಿಗೆ ಹೋದ ಆ ತಿಂಗಳಲ್ಲಿಯೇ, ಒಬ್ಬಂಟಿಯಾಗಿ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಎರಡನೆಯವರಾಗಿ ಬಂದರು. ಆ ಪಂದ್ಯದ ನಿಯಮದಂತೆ ಅವರಿಗೂ ಗಾಳಿಪಟದ ಚುಕ್ಕಾಣಿಯೊಂದೇ ಗತಿ. ವಿದ್ಯುತ್ ಯಂತ್ರ ನಿಷಿದ್ಧ.

ನನ್ನ ಮಗನ ದೋಣಿಯಲ್ಲಿದ್ದದ್ದು ವಿದ್ಯುತ್ ಯಂತ್ರ. ಅಂಗೈಯಗಲದ ರಾಸ್ಬೆರಿ ಪೈ ಎಂಬ ಗಣಕ. ದೋಣಿ ಎತ್ತ ತಿರುಗುತ್ತಿದೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಅರಿಯುವ ಒಂದು ಪುಟ್ಟ ಸಂವೇದಕ. ಚುಕ್ಕಾಣಿಯ ಹಿಡಿಕೋಲನ್ನು ದೂಡುವ, ಎಳೆಯುವ, ಮೋಟಾರಿನಿಂದ ಚಾಚುವ ಒಂದು ಉಕ್ಕಿನ ತೋಳು. ಇವನ್ನೆಲ್ಲ ನಡೆಸುವುದು ಪೈಪೈಲಟ್ ಎಂಬ ತಂತ್ರಾಂಶ. ಅದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಒಳಗೆ ಏನು ಬರೆದಿದೆ ಎಂದು ಬಿಚ್ಚಿ ಓದಬಹುದು, ತಿದ್ದಬಹುದು. ನನ್ನ ಮಗನಿಗೆ ಹಿಡಿಸಿದ್ದೂ ಅದೇ.

“ಅಪ್ಪಾ, ನೀವು ಬನ್ನಿ. ಈ ಯಂತ್ರಕ್ಕೆ ಇನ್ನೂ ಹದ ಬಂದಿಲ್ಲ. ಸೆಟ್ಟಿಂಗುಗಳನ್ನು ಬದಲಾಯಿಸಿ ನೋಡಬೇಕು. ಯಾವಾಗ ಏನು ಬದಲಾಯಿಸಿದೆ ಅನ್ನೋದು ನನಗೆ ನೆನಪಿರೋದಿಲ್ಲ. ನೀವು ರಿಜಿಸ್ಟರ್ ಇಡಿ” ಎಂದ.

ಮುದುಕನಿಗೆ ಹೊತ್ತು ಹೋಗಲೆಂದು ಹೇಳಿದ ಮಾತೋ, ನಿಜವಾದ ಅಗತ್ಯವೋ, ನಾನು ವಿಚಾರಿಸಲಿಲ್ಲ. ರಿಜಿಸ್ಟರ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಬೆನ್ನು ನೆಟ್ಟಗಾಯಿತು. ದಪ್ಪ ರಟ್ಟಿನ ಪುಸ್ತಕವೊಂದನ್ನು ತರಿಸಿ, ಗೆರೆ ಎಳೆದು, ‘ದಿನಾಂಕ, ಸಮಯ, ಸೆಟ್ಟಿಂಗಿನ ಹೆಸರು, ಹಳೆಯ ಬೆಲೆ, ಹೊಸ ಬೆಲೆ, ಷರಾ’ ಎಂದು ಆರು ಅಂಕಣಗಳನ್ನು ಮಾಡಿದೆ.

“ದೋಣಿಯನ್ನು ದಡದಲ್ಲಿ ಕಟ್ಟಿಹಾಕಿಯೇ ಈ ಹದವನ್ನೆಲ್ಲ ಮಾಡಿಕೊಳ್ಳಬಾರದೇನೋ?” ಎಂದು ಕೇಳಿದೆ.

“ಕಟ್ಟಿದ ದೋಣಿ ಅಲುಗೋದೇ ಇಲ್ಲವಲ್ಲ ಅಪ್ಪ. ಅಲ್ಲಿ ಯಾವ ಸೆಟ್ಟಿಂಗಾದರೂ ಸರಿಯಾಗಿಯೇ ಕಾಣುತ್ತೆ. ಓಡುವಾಗಲೇ ತಿದ್ದಬೇಕು” ಎಂದ.

2023ರ ಜುಲೈ ತಿಂಗಳ ಒಂದು ಶನಿವಾರ ನಾವು ನಾಲ್ವರೂ ಹೊರಟೆವು. ಬೇಸಗೆಯ ಒಳ್ಳೆಯ ದಿನಗಳಲ್ಲಿ ಅಲ್ಲಿ ಗಾಳಿ ಉತ್ತರದಿಂದ ಬೀಸುತ್ತದೆ. ಗಾಳಿಗೆ ಎದುರಾಗಿ, ಅತ್ತಿತ್ತ ಮಗ್ಗುಲು ಬದಲಿಸುತ್ತ, ಎದುರು ದಂಡೆಯ ಕಿಂಗ್‌ಸ್ಟನ್ ಎಂಬ ಊರನ್ನು ಮಧ್ಯಾಹ್ನಕ್ಕೆ ಮುಟ್ಟಿದೆವು. ಸೊಸೆ ತಂದಿದ್ದ ಚಿತ್ರಾನ್ನ, ಮೊಸರನ್ನಗಳನ್ನು ಉಂಡು ಹಿಂದಿರುಗಿದಾಗ ಗಾಳಿ ಚುರುಕಾಗಿತ್ತು. ಈಗ ಅದು ನಮ್ಮ ಬೆನ್ನ ಹಿಂದೆ, ಕೊಂಚ ಎಡಕ್ಕೆ. ಹಾಯಿಯನ್ನು ಬಲಗಡೆಗೆ ಪೂರ್ತಿ ಚಾಚಿ, ಅದರ ಬುಡದಲ್ಲಿರುವ ಬೂಮ್ ಎಂಬ ಅಡ್ಡಗಂಬವನ್ನು ಮಗ ಒಂದು ಹಗ್ಗದಿಂದ ಮುಂದಕ್ಕೆ ಬಿಗಿದು ಕಟ್ಟಿದ.

“ಇದು ಏಕೆ?” ಎಂದೆ.

“ಗಾಳಿ ಹಿಂದೆ ಇರುವಾಗ ದೋಣಿ ಅಳತೆ ಮೀರಿ ಬಲಕ್ಕೆ ತಿರುಗಿಬಿಟ್ಟರೆ, ಗಾಳಿ ಹಾಯಿಯ ಇನ್ನೊಂದು ಬದಿಗೆ ನುಗ್ಗುತ್ತೆ. ಆಗ ಈ ಗಂಬ ಒಂದೇ ಏಟಿಗೆ ಈ ಕಡೆಯಿಂದ ಆ ಕಡೆಗೆ ಬೀಸುತ್ತೆ. ತಲೆ ಅಡ್ಡ ಸಿಕ್ಕಿದರೆ ಮುಗೀತು” ಎಂದ. ನಾನು ಕುಳಿತಲ್ಲಿಯೇ ಇನ್ನಷ್ಟು ಕುಗ್ಗಿದೆ.

ಯಂತ್ರ ಚುಕ್ಕಾಣಿ ಹಿಡಿಯಿತು. ಹಿಂದಿರುಗಿ ನೋಡಿದರೆ ನೀರಿನ ಮೇಲೆ ನಮ್ಮ ದಾರಿ ನೆಟ್ಟಗಿರಲಿಲ್ಲ. ಹಾವು ಹರಿದಂತೆ ಡೊಂಕುಡೊಂಕಾಗಿತ್ತು. ಅಲೆ ಹಿಂಭಾಗವನ್ನು ತಳ್ಳಿದಾಗ ದೋಣಿ ಎಡಕ್ಕೆ ಹೊರಳುತ್ತಿತ್ತು. ಯಂತ್ರ ಸಾವಕಾಶವಾಗಿ ಎಚ್ಚೆತ್ತು ಬಲಕ್ಕೆ ತರುತ್ತಿತ್ತು. ತಂದದ್ದು ಕೊಂಚ ಹೆಚ್ಚಾಗಿ, ಮತ್ತೆ ಎಡಕ್ಕೆ ಹೋಗಬೇಕಾಗುತ್ತಿತ್ತು.

ಈ ಯಂತ್ರದಲ್ಲಿ ತಿರುವಬೇಕಾದ ಮುಖ್ಯ ಸಂಖ್ಯೆಗಳಿಗೆ ಪಿ, ಐ, ಡಿ ಎಂದು ಹೆಸರು. ಮಗ ಶಾಸ್ತ್ರೀಯವಾಗಿ ವಿವರಿಸಿದಾಗ ನನಗೇನೂ ತಿಳಿಯಲಿಲ್ಲ. ಕೊನೆಗೆ ನಾನು ಬಾಲ್ಯದಲ್ಲಿ ಕಂಡ ಮೈಸೂರಿನ ಟಾಂಗಾದವನನ್ನು ನೆನಪು ಮಾಡಿಕೊಂಡೆ. ಕುದುರೆ ಎಷ್ಟು ದಾರಿ ತಪ್ಪಿದೆಯೋ ಅಷ್ಟು ಲಗಾಮು ಎಳೆಯುವುದು ಪಿ. ಕುದುರೆ ತಿರುಗತೊಡಗಿದೊಡನೆ, ಪೂರ್ತಿ ತಿರುಗುವ ಮೊದಲೇ, ಲಗಾಮನ್ನು ಸಡಿಲ ಬಿಡುವುದು ಡಿ. ಗಾಡಿ ಸದಾ ಒಂದೇ ಕಡೆಗೆ ಕೊಂಚ ಎಳೆಯುತ್ತಿದ್ದರೆ, ಬಹಳ ಹೊತ್ತಿನ ತಪ್ಪನ್ನು ಒಟ್ಟುಗೂಡಿಸಿ ನೋಡಿ, ಅದಕ್ಕೆ ತಕ್ಕಂತೆ ಕೈಯನ್ನು ಒಂದು ಕಡೆಗೆ ವಾಲಿಸಿಕೊಂಡೇ ಇರುವುದು ಐ. ಪಿ ಕಡಿಮೆಯಾದರೆ ಕುದುರೆ ಚರಂಡಿಗೆ ಇಳಿಯುತ್ತದೆ; ಹೆಚ್ಚಾದರೆ ಎಡಬಲಕ್ಕೆ ಕುಣಿಯುತ್ತದೆ. ಡಿ ಇಲ್ಲದವನು ಹೊಸ ಟಾಂಗಾದವನು. “ಅಪ್ಪಾ, ಇಷ್ಟು ಚೆನ್ನಾಗಿ ನಮಗೆ ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ” ಎಂದು ಮಗ ನಕ್ಕ.

ಆಮೇಲೆ ಅವನು ಒಳಗಿನ ಕೋಣೆಯಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಆ ಪುಟ್ಟ ಗಣಕದ ಸೆಟ್ಟಿಂಗುಗಳ ಕಡತವನ್ನು ತೆರೆದು, “ಎಲ್ಲವನ್ನೂ ಮೊದಲು ರಿಜಿಸ್ಟರಿಗೆ ಇಳಿಸಿಕೊಳ್ಳಿ” ಎಂದು ಹೇಳಿ ಮೇಲಕ್ಕೆ ಹೋದ. ಸಾಲಿಗೊಂದು ಹೆಸರು, ಹೆಸರಿನ ಮುಂದೆ ಒಂದು ಬೆಲೆ. ಎಂಥ ಅಚ್ಚುಕಟ್ಟಾದ ಕಡತ! ನಾನು ಒಂದೂ ಬಿಡದೆ ನಕಲು ಮಾಡಿದೆ. ಮಾಡಿದ ಮೇಲೆ ಕೈ ತುರಿಸಿತು. ರೋಗವೂ ಗೊತ್ತು, ಮದ್ದೂ ಗೊತ್ತು. ಕಡತವೂ ಮುಂದೆ ತೆರೆದಿದೆ. ಪಿಯ ಬೆಲೆಯನ್ನು ಒಂದೂವರೆ ಪಟ್ಟು ಮಾಡಿ, ಉಳಿಸುವ ಗುಂಡಿ ಒತ್ತಿದೆ. ಮೇಲೆ ಬಂದು, ಮುಗ್ಧನಂತೆ ಮುಖ ಮಾಡಿಕೊಂಡು ಕುಳಿತೆ.

ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ದೋಣಿಗೆ ನನ್ನ ಆದೇಶದ ಪರಿವೆಯೇ ಇಲ್ಲ. ಕೆಳಗೆ ಹೋಗಿ ಕಡತವನ್ನು ಮತ್ತೆ ತೆರೆದು ನೋಡಿದೆ. ಏನು ಹೇಳಲಿ? ನಾನು ಬರೆದ ಸಂಖ್ಯೆ ಅಲ್ಲಿರಲಿಲ್ಲ. ಹಳೆಯದೇ ಬಂದು ಕುಳಿತಿತ್ತು. ನನ್ನ ಇಡೀ ಸೇವಾವಧಿಯಲ್ಲಿ ನನ್ನ ತಿದ್ದುಪಡಿಯನ್ನು ನನಗೆ ತಿಳಿಸದೆ ಅಳಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ.

“ನನ್ನ ಬರವಣಿಗೆಯನ್ನು ಯಾರೋ ತಿದ್ದಿದ್ದಾರೆ!” ಎಂದು ಮೇಲೆ ಬಂದು ದೂರು ಕೊಟ್ಟೆ. ದೂರಿನಲ್ಲಿ ತಪ್ಪೊಪ್ಪಿಗೆಯೂ ಅಡಕವಾಗಿದೆ ಎಂಬುದು ಆಮೇಲೆ ಹೊಳೆಯಿತು.

ಮಗ ಸಿಟ್ಟಾಗಲಿಲ್ಲ. “ಯಾರೂ ತಿದ್ದಿಲ್ಲ ಅಪ್ಪ. ಅದೇ ತಿದ್ದಿಕೊಂಡಿದೆ. ತಂತ್ರಾಂಶ ಶುರುವಾಗುವಾಗ ಒಂದು ಸಲ ಕಡತ ಓದಿಕೊಳ್ಳುತ್ತೆ. ಆಮೇಲೆ ತನ್ನ ಮನಸ್ಸಿನಲ್ಲಿ ಏನಿದೆಯೋ ಅದರಂತೆ ನಡೆಯುತ್ತೆ. ಕರೆಂಟು ಹೋದರೆ ಮರೆತುಹೋಗದಿರಲಿ ಅಂತ, ಮನಸ್ಸಿನಲ್ಲಿರೋದನ್ನು ಆಗಾಗ ತಾನೇ ಕಡತಕ್ಕೆ ಬರೆದಿಡುತ್ತೆ. ಅದು ಬರೆಯುವಾಗ ನಿಮ್ಮದು ಅಳಿಸಿಹೋಗುತ್ತೆ” ಎಂದ.

“ಹಾಗಾದರೆ ಕಡತವನ್ನು ಯಾವಾಗ ತಿದ್ದಬೇಕು?”

“ತಂತ್ರಾಂಶ ನಿಲ್ಲಿಸಿ ತಿದ್ದಬೇಕು, ತಿದ್ದಿ ಮತ್ತೆ ಶುರು ಮಾಡಬೇಕು. ಓಡುತ್ತಿರುವಾಗ ಬದಲಾಯಿಸಬೇಕಾದರೆ, ಓಡುತ್ತಿರೋದಕ್ಕೇ ನೇರವಾಗಿ ಹೇಳಬೇಕು.”

ಹೀಗೆಂದು ತನ್ನ ಫೋನನ್ನು ನನ್ನ ಕೈಗೆ ಕೊಟ್ಟ. ಅದರ ಪರದೆಯ ಮೇಲೆ ಪಿ, ಐ, ಡಿ ಎಂದು ಬರೆದ ಪಟ್ಟಿಗಳು. ಪ್ರತಿಯೊಂದರ ಮೇಲೂ ಎಡಬಲಕ್ಕೆ ಜಾರುವ ಗುಂಡಿ. ಬೆರಳು ಸರಿಸಿದರೆ ಆ ಕ್ಷಣವೇ ಯಂತ್ರಕ್ಕೆ ತಿಳಿಯುತ್ತದೆ. “ಒಂದನ್ನೇ ಸರಿಸಿ. ಸ್ವಲ್ಪವೇ ಸರಿಸಿ. ಆಮೇಲೆ ಐದು ನಿಮಿಷ ಕಾಯಿರಿ” ಎಂದು ಹೇಳಿ, ಮುಂಭಾಗದಲ್ಲಿ ಸಡಿಲವಾಗಿದ್ದ ಹಗ್ಗವೊಂದನ್ನು ಬಿಗಿಯಲು ಹೋದ.

ಕಡತದಿಂದ ಅವಮಾನಿತನಾದವನಿಗೆ ಕಾಯುವ ಸಹನೆ ಎಲ್ಲಿಂದ ಬರಬೇಕು? ಪಿಯನ್ನು ಬಲಕ್ಕೆ ಅರ್ಧದವರೆಗೆ ಸರಿಸಿದೆ. ಕಣ್ಣಿಗೆ ಕಾಣುವಂಥ ಬದಲಾವಣೆ ಆ ಕ್ಷಣದಲ್ಲಿ ಆಗಲಿಲ್ಲ. ಡಿಯನ್ನು ಎಡಕ್ಕೆ ಎಳೆದೆ. ಪಿಯನ್ನು ಇನ್ನಷ್ಟು ಮುಂದಕ್ಕೆ ನೂಕಿದೆ.

ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂತು. ದೋಣಿ ಎಡಕ್ಕೆ ಹೊರಳಿತು. ಮೋಟಾರು ಹಿಂದೆಂದೂ ಕೇಳದ ಧ್ವನಿಯಲ್ಲಿ ಕಿರುಚಿ, ಉಕ್ಕಿನ ತೋಳು ಹಿಡಿಕೋಲನ್ನು ಒಂದೇ ದಬ್ಬಿಗೆ ತುದಿಯವರೆಗೂ ತಳ್ಳಿತು. ದೋಣಿ ಬಲಕ್ಕೆ ತಿರುಗಿತು, ತಿರುಗುತ್ತಲೇ ಹೋಯಿತು. ಹಿಂದಿದ್ದ ಗಾಳಿ ತಟ್ಟನೆ ನನ್ನ ಬಲಗೆನ್ನೆಗೆ ಬಡಿಯಿತು. ಮೇಲೆ ಫಿರಂಗಿ ಹಾರಿಸಿದಂಥ ಸದ್ದು. ಬೂಮ್ ತಲೆಯ ಮೇಲೆ ಬೀಸಿ ಬರಬೇಕು. ಆ ಹಗ್ಗ ಅದನ್ನು ಹಿಡಿದು ನಿಲ್ಲಿಸಿತು. ಹಗ್ಗ ವೀಣೆಯ ತಂತಿಯಂತೆ ಬಿಗಿದು ಮಿಡಿಯುತ್ತಿತ್ತು. ದೋಣಿ ಎಡಮಗ್ಗುಲಿಗೆ ವಾಲಿ, ಅಂಚು ನೀರಿಗೆ ತಾಗಿತು. ಅಲ್ಲಿಯೇ, ಆ ಅಂಚಿನ ಪಕ್ಕದಲ್ಲಿಯೇ, ಬಣ್ಣದ ಪುಸ್ತಕ ಹಿಡಿದು ಕುಳಿತಿದ್ದಳು ನನ್ನ ಮೊಮ್ಮಗಳು.

ಸೊಸೆ ಮಗುವಿನ ರಕ್ಷಾಕವಚದ ಪಟ್ಟಿಯನ್ನು ಎರಡು ಕೈಗಳಿಂದಲೂ ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು. ಬಣ್ಣದ ಪುಸ್ತಕ ನೀರುಪಾಲಾಯಿತು. ಆ ನೀರು ಬೇಸಗೆಯಲ್ಲಿಯೂ 12–13 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಬಿದ್ದವರ ಕೈಕಾಲು ಸ್ವಲ್ಪ ಹೊತ್ತಿನಲ್ಲಿಯೇ ಸೆಟೆದುಕೊಳ್ಳುತ್ತವೆ ಎಂದು ಬೆಳಗ್ಗೆಯಷ್ಟೇ ಮಗ ಎಚ್ಚರಿಸಿದ್ದ. ಮಗ ಮುಂಭಾಗದಿಂದ ತೆವಳಿಕೊಂಡು ಬಂದು, ಉಕ್ಕಿನ ತೋಳನ್ನು ಹಿಡಿಕೋಲಿನ ಗೂಟದಿಂದ ಕಿತ್ತು ಬದಿಗೆ ಎಸೆದು, ತಾನೇ ಚುಕ್ಕಾಣಿ ಹಿಡಿದ. ದೋಣಿ ಹಿಂಜರಿಯುತ್ತ ಎಡಕ್ಕೆ ತಿರುಗಿತು, ಹಾಯಿ ಮತ್ತೆ ತನ್ನ ಕಡೆಗೆ ತುಂಬಿಕೊಂಡಿತು, ವಾಲಿದ್ದು ನೆಟ್ಟಗಾಯಿತು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಾರದು.

ಯಾರೂ ಮಾತನಾಡಲಿಲ್ಲ. ಮಗು ಮೊದಲು ಅತ್ತಿತು. ಆಮೇಲೆ, “ನನ್ನ ಪುಸ್ತಕ, ತಾತಾ” ಎಂದಿತು. ನನ್ನ ಕೈಗಳು ನಡುಗುತ್ತಿದ್ದವು. ಫೋನನ್ನು ಮಗನಿಗೆ ಕೊಡಲು ಹೋದೆ.

ಅವನು ತೆಗೆದುಕೊಳ್ಳಲಿಲ್ಲ. “ಹಳೆಯ ಬೆಲೆ ಎಷ್ಟಿತ್ತು ಅಪ್ಪ?” ಎಂದು ಕೇಳಿದ.

ನಾನು ರಿಜಿಸ್ಟರನ್ನು ತೆರೆದೆ. ಪಿ, ಐ, ಡಿ ಎಲ್ಲವೂ ದಶಾಂಶದ ಕೊನೆಯ ಅಂಕಿಯವರೆಗೆ ಅಲ್ಲಿದ್ದವು. ಓದಿ ಹೇಳಿದೆ. ಅವನ ಕೈ ಚುಕ್ಕಾಣಿಯ ಮೇಲೆಯೇ ಇತ್ತು. ನಾನು ಒಂದೊಂದನ್ನೂ ಹಳೆಯ ಸ್ಥಾನಕ್ಕೆ ತಂದೆ. “ಇದೊಂದು ಬರೆದಿಟ್ಟಿರದಿದ್ದರೆ ಎಲ್ಲಿಗೆ ಹಿಂದಿರುಗಬೇಕು ಅನ್ನೋದೇ ತಿಳಿಯುತ್ತಿರಲಿಲ್ಲ” ಎಂದ. ನನ್ನ ಮನಸ್ಸನ್ನು ಸಮಾಧಾನಪಡಿಸಲು ಹೇಳಿದನೇನೋ. ಆದರೆ ಮಾತು ಸುಳ್ಳಾಗಿರಲಿಲ್ಲ. ಕಡತ ಓಡುವ ದೋಣಿಯನ್ನು ನಡೆಸಲಾರದು. ದಾರಿ ತಪ್ಪಿದಾಗ ಎಲ್ಲಿಗೆ ಮರಳಬೇಕೆಂದು ಹೇಳಬಲ್ಲದು. ಅದರ ಕೆಲಸ ಅಷ್ಟೇ. ಅದೂ ಸಣ್ಣ ಕೆಲಸವಲ್ಲ.

ಆಮೇಲೆ ತೋಳನ್ನು ಮತ್ತೆ ಸಿಕ್ಕಿಸಿದೆವು. ಮಗ ಹಿಡಿಕೋಲಿನ ಪಕ್ಕದಿಂದ ಅಲುಗಲಿಲ್ಲ. ಬೇಕಾದರೆ ಆ ಕ್ಷಣವೇ ತೋಳನ್ನು ಎತ್ತಿಬಿಡುವಂತೆ ಕೈಯನ್ನು ಅದರ ಮೇಲೆಯೇ ಇಟ್ಟುಕೊಂಡಿದ್ದ. ಡಿಯನ್ನು ಒಂದು ಕೂದಲೆಳೆಯಷ್ಟು ಹೆಚ್ಚಿಸಿದೆವು. ಐದು ನಿಮಿಷ ಕಾದೆವು. ಬರೆದೆವು. ಮತ್ತೆ ಒಂದಿಷ್ಟು. ಮತ್ತೆ ಕಾಯುವುದು. ಬಳಿಕ ಪಿ. ಮೋಟಾರಿನ ದಿಕ್ಕನ್ನೇ ತಿರುಗುಮುರುಗು ಮಾಡುವಂಥ ಕೆಲವು ಸೆಟ್ಟಿಂಗುಗಳನ್ನು ಮಾತ್ರ ನೀರಿನ ಮೇಲೆ ಮುಟ್ಟಲೇಬಾರದೆಂದು ಅವನು ಹೇಳಿದ. ಅವುಗಳ ಮುಂದೆ ನಾನು ಷರಾದ ಅಂಕಣದಲ್ಲಿ ಕೆಂಪು ಶಾಯಿಯಿಂದ ‘ದಡದಲ್ಲಿ ಮಾತ್ರ’ ಎಂದು ಬರೆದೆ.

ಕಾಯುವ ಆ ಐದೈದು ನಿಮಿಷಗಳಲ್ಲಿ ಮಗ ಒಂದು ಹಳೆಯ ಕಥೆ ಹೇಳಿದ. ನಿಕೊಲಸ್ ಮಿನೋರ್ಸ್ಕಿ ಎಂಬಾತ ರಷ್ಯದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಎಂಜಿನಿಯರು. ಅನುಭವಸ್ಥ ಚುಕ್ಕಾಣಿಗರು ಹಡಗನ್ನು ಹೇಗೆ ನಡೆಸುತ್ತಾರೆಂದು ಗಮನಿಸಿ, ಅವರು ಆಗಿರುವ ತಪ್ಪನ್ನು ಮಾತ್ರವಲ್ಲದೆ ಅದು ಎಷ್ಟು ಬೇಗ ಬೆಳೆಯುತ್ತಿದೆ, ಹಿಂದಿನಿಂದ ಎಷ್ಟು ಕೂಡಿಕೊಂಡು ಬಂದಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಂದು ಕಂಡುಕೊಂಡ. 1922ರಲ್ಲಿ ಅದನ್ನು ಗಣಿತಕ್ಕೆ ಇಳಿಸಿ ಪ್ರಕಟಿಸಿದ. ಪಿ, ಐ, ಡಿಗಳ ವಂಶವೃಕ್ಷದ ಬೇರು ಅಲ್ಲಿದೆ. ನ್ಯೂ ಮೆಕ್ಸಿಕೊ ಎಂಬ ಯುದ್ಧನೌಕೆಯ ಮೇಲೆ ಪ್ರಯೋಗವೂ ನಡೆಯಿತು. ಆದರೆ ನಾವಿಕರ ವಿರೋಧದಿಂದ ನೌಕಾಪಡೆ ಅದನ್ನು ಅಳವಡಿಸಿಕೊಳ್ಳಲಿಲ್ಲವಂತೆ. “ಪಾಪ, ಅವರನ್ನು ಯಾರೂ ಒಂದು ಮಾತು ಕೇಳಿರಲಾರರು” ಎಂದೆ ನಾನು. ಮಗ ನನ್ನ ಮುಖ ನೋಡಿದ.

ಹೇಳುವುದಿದ್ದರೆ ಅದೇ ಸಮಯವೆಂದು ನನಗೆ ತೋರಿತು. ಮೂರು ಪತ್ರಗಳಲ್ಲಿ ಬರೆದದ್ದನ್ನು ಬಾಯಿಂದ ಒಂದು ಸಲವೂ ಹೇಳಿರಲಿಲ್ಲ.

“ಮಗು, ನನಗೆ ಆ ಮನೆಯನ್ನು ಈಗ ಮಾರುವುದು ಇಷ್ಟವಿಲ್ಲ.”

ಅವನು ಸುಮ್ಮನಿದ್ದ. ನಾನೇ ಮುಂದುವರಿಸಿದೆ.

“ನಿಮ್ಮಮ್ಮ ಹೋದದ್ದು ಒಂದು ಬದಲಾವಣೆ. ಅದಕ್ಕೇ ನಾನು ಇನ್ನೂ ಹೊಂದಿಕೊಂಡಿಲ್ಲ. ಅದರ ಮೇಲೆ ಊರು ಹೋಯಿತು, ಊಟ ಹೋಯಿತು, ನಿದ್ದೆ ಹೋಯಿತು. ಈಗ ಮನೆ. ನನಗೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟದ್ದಾಯಿತು ಅಂತ ನಿನಗಾದರೂ ಗೊತ್ತಾಗುವುದು ಹೇಗೆ? ಈ ದೋಣಿಗೆ ಕೊಡುವ ಐದು ನಿಮಿಷವನ್ನು ನನಗೂ ಕೊಡು.”

ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಸೊಸೆ ಮುಖವನ್ನು ಆಚೆಗೆ ತಿರುಗಿಸಿಕೊಂಡಳು.

ಮಗ ಬಹಳ ಹೊತ್ತು ಮುಂದೆಯೇ ನೋಡುತ್ತಿದ್ದ. “ನಿಮ್ಮನ್ನು ಅಲ್ಲಿ ಒಬ್ಬರನ್ನೇ ಬಿಟ್ಟು ನನಗೆ ರಾತ್ರಿ ನಿದ್ದೆ ಬರೋದಿಲ್ಲ ಅಪ್ಪ. ಅಮ್ಮನಿಗೆ ಹಾಗಾದಾಗ ನಾನು ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಅದಕ್ಕೇ ಎಲ್ಲವನ್ನೂ ಒಟ್ಟಿಗೇ...” ಎಂದು ಅರ್ಧಕ್ಕೆ ನಿಲ್ಲಿಸಿದ.

ಅವನೊಳಗೆ ಏನು ಓಡುತ್ತಿದೆ ಎಂಬುದನ್ನು ನಾನೂ ಕೇಳಿರಲಿಲ್ಲ. ನನ್ನ ಹನ್ನೊಂದು ಆಕ್ಷೇಪಣೆಗಳಲ್ಲಿ ಅದರ ಸುದ್ದಿಯೇ ಇರಲಿಲ್ಲ. ಹಗಲು ನನ್ನ ಪತ್ರವನ್ನು ಓದಿ ‘ನೋಡ್ತೀನಿ’ ಎಂದವನು, ರಾತ್ರಿ ಆ ಭಯದಿಂದಲೇ ಎದ್ದು ಕೂರುತ್ತಿದ್ದ. ನಾನು ಬರೆದದ್ದೆಲ್ಲ ಅಲ್ಲಿಗೆ ಅಳಿಸಿಹೋಗುತ್ತಿತ್ತು.

“ಮನೆ ಹಾಗೆಯೇ ಇರಲಿ. ಒಂದೊಂದಾಗಿ ನೋಡೋಣ” ಎಂದ ಕೊನೆಗೆ.

ವೆಸ್ಟ್ ಪಾಯಿಂಟಿನ ದೀಪಸ್ತಂಭ ಮುಂದೆ ಚೆನ್ನಾಗಿ ಕಾಣಿಸತೊಡಗಿದಾಗ ನಾನು ಹಿಂದಿರುಗಿ ನೋಡಿದೆ. ನೀರಿನ ಮೇಲೆ ನಮ್ಮ ದಾರಿ ಪೂರ್ತಿ ನೇರವಾಗಿರಲಿಲ್ಲ. ಆದರೆ ಹಾವಿನ ಡೊಂಕು ಹೋಗಿತ್ತು. ಮೋಟಾರೂ ಅಷ್ಟಾಗಿ ಗೊಣಗುತ್ತಿರಲಿಲ್ಲ. ಬ್ಯಾಟರಿಯೂ ಉಳಿಯುತ್ತದೆ ಎಂದು ಮಗ ಹೇಳಿದ. ಮಗು ಸೊಸೆಯ ಮಡಿಲಲ್ಲಿ ನಿದ್ದೆ ಹೋಗಿತ್ತು.

ಆಗಸ್ಟಿನಲ್ಲಿ ಅಧಿಕಾರಪತ್ರಕ್ಕೆ ನಾನು ರುಜು ಹಾಕಲಿಲ್ಲ. ಯಾರೂ ಕೇಳಲೂ ಇಲ್ಲ. ಕಾಫಿ ಎರಡು ಲೋಟಕ್ಕೆ ಮರಳಿತು. ಓಟ್ಸ್ ಗಂಜಿ ಮಾತ್ರ ಉಳಿಯಿತು. ಒಂದು ತಿಂಗಳು ಪ್ರಾಮಾಣಿಕವಾಗಿ ನೋಡಿ, ಅದರಿಂದ ಹೊಟ್ಟೆಗೆ ಹಿತವೆಂದು ನಾನೇ ಷರಾ ಬರೆದೆ. ಡಿಸೆಂಬರಿನಲ್ಲಿ ಮೈಸೂರಿಗೆ ಹಿಂದಿರುಗಿದೆ. ಮಗನ ನಿದ್ದೆಗಾಗಿ ನಾನು ಒಪ್ಪಿಕೊಂಡದ್ದು ಒಂದೇ ಒಂದು ತಿದ್ದುಪಡಿ: ಮಹಡಿಯ ಕೋಣೆಗಳನ್ನು ಒಂದು ಎಳೆಯ ದಂಪತಿಗಳಿಗೆ ಬಾಡಿಗೆಗೆ ಕೊಟ್ಟಿದ್ದೇನೆ, ಬೆಳಗ್ಗೆ ಏಳಕ್ಕೆ ನನ್ನ ಬಾಗಿಲು ತೆರೆಯದಿದ್ದರೆ ಅವರು ಬಂದು ಬಡಿಯುತ್ತಾರೆ. ಆರು ತಿಂಗಳು ನೋಡಿ ಮುಂದಿನದನ್ನು ಯೋಚಿಸುವುದೆಂದು ಇಬ್ಬರೂ ಒಪ್ಪಿದೆವು. ಆರು ತಿಂಗಳು ಎಂದೋ ಕಳೆದಿದೆ. ಆ ಹುಡುಗಿ ಹಬ್ಬದ ದಿನ ಒಬ್ಬಟ್ಟನ್ನೂ ತಂದುಕೊಡುತ್ತಾಳೆ. ಅದನ್ನು ನಾನು ಮಗನಿಗೆ ವರದಿ ಮಾಡುವುದಿಲ್ಲ.

ಈಗ ನಾನು ಅವನಿಗೆ ಪತ್ರ ಬರೆಯುವುದನ್ನು ಬಿಟ್ಟಿದ್ದೇನೆ. ಏನಾದರೂ ಹೇಳಬೇಕೆನಿಸಿದರೆ ಫೋನು ಮಾಡಿ ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ವಿಷಯ. ಅವನೂ ಹಾಗೆಯೇ. ರಿಜಿಸ್ಟರನ್ನು ದೋಣಿಯಲ್ಲಿಯೇ ಬಿಟ್ಟು ಬಂದೆ. ಕಳೆದ ವಾರ ಅವನು ಫೋನು ಮಾಡಿ, ಹೊಸ ಹಾಯಿ ಕಟ್ಟಿದ ಮೇಲೆ ಯಂತ್ರ ಮತ್ತೆ ಡೊಂಕು ಹೋಗುತ್ತಿದೆ ಎಂದ.

“ಏನಾದರೂ ಬದಲಾಯಿಸಿದೆಯೇನೋ?” ಎಂದು ಗಾಬರಿಯಿಂದ ಕೇಳಿದೆ.

“ಇಲ್ಲಪ್ಪ, ಬರೆದಿಟ್ಟುಕೊಂಡಿದ್ದೇನೆ ಅಷ್ಟೇ. ನೀವು ಬಂದ ಮೇಲೆ ನೋಡೋಣ” ಎಂದ.

ಮೊಮ್ಮಗಳಿಗೆ ದೇವರಾಜ ಮಾರುಕಟ್ಟೆಯ ಬಳಿ ಒಂದು ಬಣ್ಣದ ಪುಸ್ತಕ ಕೊಂಡು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ.